ನಾವೆಯ ಇರವು ಮತ್ತು ಶಬ್ದಪ್ರಮಾಣ

ನಡುಗಡಲಿನಲ್ಲಿ ಗಾಳಿಯನ್ನೇ ನಂಬಿ ಸಾಗುತ್ತಿರುವ ಹಾಯಿದೋಣಿಯೊಂದು ಈ ಗಳಿಗೆಯಲ್ಲಿ ಎಲ್ಲಿದೆ ಎಂದು, ಅದನ್ನು ಎಂದೂ ಕಣ್ಣಾರೆ ಕಾಣದ, ನೆಲದ ಮೇಲೆ ಕುಳಿತ ಮನುಷ್ಯನೊಬ್ಬ ಖಚಿತವಾಗಿ ಹೇಳಬಲ್ಲನಾದರೆ, ಅವನ ಆ ತಿಳಿವಳಿಕೆ ಯಾವ ಬಗೆಯದು ಎಂಬುದು ಪ್ರಮಾಣಶಾಸ್ತ್ರಕ್ಕೆ ಸೇರಿದ ಪ್ರಶ್ನೆ. ಪ್ರಮಾಣವೆಂದರೆ ಯಥಾರ್ಥವಾದ ಜ್ಞಾನಕ್ಕೆ ಸಾಧನವಾದದ್ದು. ಇಂದ್ರಿಯಗಳಿಂದ ನೇರವಾಗಿ ಬರುವುದು ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು ಅನುಮಾನ, ಬಲ್ಲವರ ಮಾತಿನಿಂದ ಬರುವುದು ಶಬ್ದ ಅಥವಾ ಆಗಮ. ಹವ್ಯಾಸಿ ರೇಡಿಯೋದ ಮೂಲಕ ನಾವೆಯೊಂದರ ಜಾಡು ಹಿಡಿಯುವ ಕೆಲಸದಲ್ಲಿ ಈ ಮೂರೂ ಸೇರಿಕೊಂಡಿವೆಯಾದರೂ ಅದರ ತಿರುಳಿರುವುದು ಮೂರನೆಯದರಲ್ಲಿ. ಶಬ್ದಪ್ರಮಾಣದ ಶಾಸ್ತ್ರೀಯ ಚರ್ಚೆ ಹೇಳುವವನ ಅರ್ಹತೆಯನ್ನು ಅಳೆದಷ್ಟು ಎಚ್ಚರದಿಂದ ಕೇಳುವವನ ಹೊಣೆಯನ್ನು ಅಳೆಯಲಿಲ್ಲ ಎಂಬುದನ್ನೂ ಈ ಕೆಲಸ ಎತ್ತಿ ತೋರಿಸುತ್ತದೆ.

ಹವ್ಯಾಸಿ ರೇಡಿಯೋ ಎಂದರೆ ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಲಾಭದ ಉದ್ದೇಶವಿಲ್ಲದೆ ರೇಡಿಯೋ ಪ್ರೇಷಣೆ ನಡೆಸುವವರ ಜಾಲ. ಹ್ಯಾಮ್‌ಗಳೆಂದು ಕರೆಸಿಕೊಳ್ಳುವ ಇವರಲ್ಲಿ ಪ್ರತಿಯೊಬ್ಬರಿಗೂ ಒಂದು ಕಾಲ್‌ಸೈನ್, ಅಂದರೆ ಗುರುತಿನ ಕರೆಹೆಸರು, ಇರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಇವರ ಮಾತಿನ ಅರ್ಥವನ್ನು ಗುಪ್ತಲಿಪಿಯಲ್ಲಿ ಮರೆಮಾಡುವಂತಿಲ್ಲ, ಹಾಗಾಗಿ ಒಬ್ಬನು ಆಡಿದ್ದನ್ನು ಕೇಳುವ ಸಾಧನವಿರುವ ಯಾರು ಬೇಕಾದರೂ ಕೇಳಬಹುದು. ಕಡಲಿನಿಂದ ದೂರವಿರುವುದು ಇಲ್ಲಿ ಕೊರತೆಯೇ ಅಲ್ಲ. ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಿಂದ ಪಶ್ಚಿಮದ ಕಡಲಿಗೂ ಪೂರ್ವದ ಕಡಲಿಗೂ 250 ಕಿಲೋಮೀಟರಿಗಿಂತ ಹೆಚ್ಚು ದೂರ. ಕೆರೆ ತುಂಬುವುದನ್ನೇ ವರ್ಷದ ದೊಡ್ಡ ಸುದ್ದಿಯಾಗಿ ಕಾಯುವ ಬಯಲುಸೀಮೆಯದು. ಆದರೂ ಭೂಮಿಯಿಂದ ಕೆಲವು ನೂರು ಕಿಲೋಮೀಟರು ಮೇಲಿರುವ ಅಯಾನುಗೋಳಕ್ಕೆ, ಅಂದರೆ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ವಾಯುಪದರಕ್ಕೆ, ತಾಗಿ ಬಾಗಿ ಮತ್ತೆ ನೆಲಕ್ಕಿಳಿಯುವ ಶಾರ್ಟ್‌ವೇವ್ ಅಲೆಗಳಿಗೆ ಬಂದರು ಯಾವುದು, ಬಯಲು ಯಾವುದು ಎಂಬ ಭೇದವಿಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟದ ತಪ್ಪಲಿನಲ್ಲಿ ಕಟ್ಟಿದ ತಂತಿಯ ಆಂಟೆನಾ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ದೋಣಿಯೊಂದರ ಸದ್ದನ್ನು ಹಿಡಿಯುವುದಕ್ಕೆ ಭೌತಶಾಸ್ತ್ರದ ಅಡ್ಡಿಯಿಲ್ಲ.

ಸ್ಥಾನವನ್ನು ಹೇಳುವ ಬಗೆಗಳು ಹಲವು. ಅತಿ ಹಳೆಯದು ಬಾಯಿಮಾತಿನ ಹಾಜರಿ. 14.300 ಮೆಗಾಹರ್ಟ್ಸ್‌ನಂಥ ಗೊತ್ತಾದ ಆವರ್ತನದಲ್ಲಿ, ಗೊತ್ತಾದ ವೇಳೆಗೆ, ನಿರ್ವಾಹಕನೊಬ್ಬ ಪಟ್ಟಿಯಲ್ಲಿರುವ ದೋಣಿಗಳನ್ನು ಒಂದೊಂದಾಗಿ ಕರೆಯುತ್ತಾನೆ. ಕರೆಸಿಕೊಂಡ ದೋಣಿ ತನ್ನ ಅಕ್ಷಾಂಶ, ರೇಖಾಂಶ, ಸಾಗುತ್ತಿರುವ ದಿಕ್ಕು, ವೇಗ, ಗಾಳಿಯ ಬಲ, ಅಲೆಯ ಎತ್ತರ, ವಾಯುಭಾರ ಇವನ್ನು ಹೇಳಿ, ಕೊನೆಗೆ ಎಲ್ಲರೂ ಕ್ಷೇಮವೆಂದು ಸೇರಿಸುತ್ತದೆ. ನಿರ್ವಾಹಕ ಕೇಳಿದ್ದನ್ನು ತಿರುಗಿ ಓದಿ ಹೇಳುತ್ತಾನೆ, ದೋಣಿ ಒಪ್ಪಿದ ಮೇಲಷ್ಟೇ ಬರೆದುಕೊಳ್ಳುತ್ತಾನೆ; ಅವನಿಗೆ ಕೇಳಿಸದಿದ್ದರೆ ಇನ್ನೆಲ್ಲೋ ಇರುವ ಮತ್ತೊಬ್ಬ ನಡುವೆ ನಿಂತು ಮಾತನ್ನು ದಾಟಿಸುತ್ತಾನೆ. ಎರಡನೆಯದು ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ ಬೆಳೆಸಿದ ಎಪಿಆರ್‌ಎಸ್ ವ್ಯವಸ್ಥೆ. ಇದರಲ್ಲಿ ಉಪಗ್ರಹಗಳ ನೆರವಿನಿಂದ ಜಿಪಿಎಸ್ ಯಂತ್ರ ಕಂಡುಕೊಂಡ ಸ್ಥಾನವನ್ನು ರೇಡಿಯೋ ತಾನಾಗಿಯೇ ಒಂದು ಸಣ್ಣ ಪೊಟ್ಟಣವಾಗಿ ಕಟ್ಟಿ, ಸೆಕೆಂಡಿನಷ್ಟು ಹೊತ್ತಿನ ಕರಕರ ಸದ್ದಿನಲ್ಲಿ ಬಿತ್ತರಿಸುತ್ತದೆ. ಆ ಪೊಟ್ಟಣದೊಳಗೆ ಅಕ್ಷಾಂಶದ ಡಿಗ್ರಿಗೆ ಎರಡು ಅಂಕಿ, ನಿಮಿಷಕ್ಕೆ ಎರಡು, ನಿಮಿಷದ ನೂರನೆಯ ಭಾಗಕ್ಕೆ ಎರಡು ಅಂಕಿಗಳಿರುತ್ತವೆ. ಹಾಯಿದೋಣಿಯೆಂದು ಸೂಚಿಸಲು ಬೇರೆಯದೇ ಒಂದು ಅಕ್ಷರವಿದೆ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರು. ಅದರ ನೂರನೆಯ ಭಾಗ ಹದಿನೆಂಟು ಮೀಟರು ಚಿಲ್ಲರೆ. ಅಷ್ಟು ಖಚಿತತೆ ತನಗಿಲ್ಲವೆಂದು, ಅಥವಾ ಅಷ್ಟನ್ನು ಹೇಳಲು ಇಷ್ಟವಿಲ್ಲವೆಂದು ಕಂಡರೆ ಕಳುಹಿಸುವವನು ಕೊನೆಯ ಅಂಕಿಗಳ ಜಾಗವನ್ನು ಖಾಲಿ ಬಿಡಬಹುದು, ಆ ಖಾಲಿ ಜಾಗಕ್ಕೂ ವ್ಯವಸ್ಥೆಯಲ್ಲಿ ಅರ್ಥವಿದೆ. ತನಗೆ ಎಷ್ಟು ಗೊತ್ತೋ ಅಷ್ಟನ್ನೇ ಹೇಳುವ ಸತ್ಯನಿಷ್ಠೆಗೆ ತಾಂತ್ರಿಕ ನಿಯಮವೊಂದು ಇಷ್ಟು ಸರಳವಾಗಿ ಎಡೆಮಾಡಿಕೊಟ್ಟಿರುವುದು ಮೆಚ್ಚತಕ್ಕದ್ದು.

ಮೂರನೆಯದು, ಭೌತಶಾಸ್ತ್ರಕ್ಕೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ 2008ರಲ್ಲಿ ರೂಪಿಸಿದ, ಹ್ಯಾಮ್‌ಗಳು ವಿಸ್ಪರ್ ಎಂದು ಕರೆಯುವ ಕ್ರಮ. ಇದರಲ್ಲಿ ಕಾಲ್‌ಸೈನ್, ಸ್ಥಾನ, ಪ್ರೇಷಣೆಯ ಶಕ್ತಿ ಇಷ್ಟನ್ನೇ 50 ಬಿಟ್‌ಗಳಿಗೆ ಅಡಕಮಾಡಿ, ಎರಡು ನಿಮಿಷಕ್ಕೆ ತುಸು ಕಡಿಮೆ ಹೊತ್ತು ನಿಧಾನವಾಗಿ ಕಳುಹಿಸಲಾಗುತ್ತದೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸದ್ದನ್ನೂ ಕಂಪ್ಯೂಟರ್ ಬಿಡಿಸುತ್ತದೆ, ಒಂದು ವಾಟ್‌ಗಿಂತ ಕಡಿಮೆ ಶಕ್ತಿಯೂ ಸಾವಿರಾರು ಕಿಲೋಮೀಟರು ಮುಟ್ಟುತ್ತದೆ. ಇಲ್ಲಿ ಸ್ಥಾನವನ್ನು ಹೇಳುವುದು 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಊರಿನಲ್ಲಿ ಸೇರಿದ ಹ್ಯಾಮ್‌ಗಳು ಒಪ್ಪಿಕೊಂಡ ಚೌಕಗಳ ಪದ್ಧತಿಯಿಂದ. ಭೂಮಂಡಲವನ್ನು ರೇಖಾಂಶದಲ್ಲಿ ಎರಡು ಡಿಗ್ರಿ, ಅಕ್ಷಾಂಶದಲ್ಲಿ ಒಂದು ಡಿಗ್ರಿಯ ಚೌಕಗಳಾಗಿ ಸೀಳಿ ಪ್ರತಿಯೊಂದಕ್ಕೂ ಎರಡು ಅಕ್ಷರ, ಎರಡು ಅಂಕಿಯ ಹೆಸರಿಟ್ಟಿರುವ ಈ ಲೆಕ್ಕದಲ್ಲಿ ಮಧುಗಿರಿ, ಕೊರಟಗೆರೆ, ಶಿರಾ ಪಟ್ಟಣಗಳು ಎಂಕೆ83ರಲ್ಲಿವೆ. ಪಾವಗಡ ಮಾತ್ರ 14ನೆಯ ಡಿಗ್ರಿಯ ಗೆರೆಯನ್ನು ತುಸು ದಾಟಿ ಎಂಕೆ84ಕ್ಕೆ ಸೇರುತ್ತದೆ. ಈ ಸೀಮೆಯಲ್ಲಿ ಒಂದು ಚೌಕ ಸುಮಾರು 216 ಕಿಲೋಮೀಟರು ಅಗಲ, 111 ಕಿಲೋಮೀಟರು ಎತ್ತರ. ಹಾಗಾಗಿ ದೋಣಿಯೊಂದು ತನ್ನ ಚೌಕವನ್ನಷ್ಟೇ ಹೇಳಿದರೆ ಒಂದು ಜಿಲ್ಲೆಯಷ್ಟು ಅಥವಾ ಅದಕ್ಕೂ ದೊಡ್ಡದಾದ ನೀರಿನ ಹರವಿನೊಳಗೆ ಅದು ಎಲ್ಲೋ ಇದೆ ಎಂದಷ್ಟೇ ಗೊತ್ತಾಗುತ್ತದೆ.

ಈ ಸೀಮೆಯಲ್ಲೇ, ಪಾವಗಡದಲ್ಲಿ, ಶನೈಶ್ಚರನ ಪ್ರಸಿದ್ಧ ದೇವಸ್ಥಾನವಿದೆ. ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಶನಿಗ್ರಹವನ್ನು ಆಕಾಶದಲ್ಲಿ ಗುರುತಿಸಿ ಬರುವವರಲ್ಲ. ಶನಿ ಈಗ ಯಾವ ರಾಶಿಯಲ್ಲಿದ್ದಾನೆ ಎಂಬುದನ್ನು ಪಂಚಾಂಗದಿಂದ ತಿಳಿದು ಬರುವವರು. ಗ್ರಹ ಎಲ್ಲಿದೆಯೆಂದು ತಿಳಿಯಲು ಅದು ಬಾಯಿ ಬಿಡಬೇಕಿಲ್ಲ. ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಕ್ಕೆ ಒಂದು ಸುತ್ತು, ಒಂದೊಂದು ರಾಶಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ವರ್ಷ ಎಂಬ ಗತಿ ನಿಯತವಾಗಿರುವುದರಿಂದ ಗಣಿತವೇ ಅದರ ಜಾಗವನ್ನು ಹೇಳುತ್ತದೆ, ಮತ್ತು ಗಣಿತ ಅನುಮಾನದ ಒಂದು ಬಗೆ. ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹಾರಿಸಿದ, ಹವ್ಯಾಸಿ ರೇಡಿಯೋದವರಿಗಾಗಿಯೇ ಮೀಸಲಾದ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹದ ವಿಷಯವೂ ಹೀಗೆಯೇ ಇತ್ತು. ಅದು ಬರುವ ಮೊದಲೇ ಲೆಕ್ಕ ಹಾಕಿ ಆಂಟೆನಾ ತಿರುಗಿಸಿಟ್ಟುಕೊಳ್ಳಬಹುದಿತ್ತು, 2014ರಲ್ಲಿ ಅದು ಮೌನವಾದ ಮೇಲೂ ಅದರ ಇರವನ್ನು ಲೆಕ್ಕ ಹೇಳುತ್ತಿತ್ತು. ಹಾಯಿದೋಣಿಯ ಗತಿ ಹಾಗಲ್ಲ. ಗಾಳಿ ಯಾವಾಗ ತಿರುಗುತ್ತದೆ, ಪ್ರವಾಹ ಎತ್ತ ಎಳೆಯುತ್ತದೆ, ಹಾಯಿಯನ್ನು ಯಾವಾಗ ಇಳಿಸಬೇಕೆಂದು ಅದರೊಳಗಿನ ಮನುಷ್ಯ ನಿರ್ಧರಿಸುತ್ತಾನೆ ಎಂಬುದು ಯಾವ ಪಂಚಾಂಗದಲ್ಲೂ ಇಲ್ಲ. ನಿನ್ನೆಯ ಸ್ಥಾನ, ದಿಕ್ಕು, ವೇಗಗಳಿಂದ ಇಂದಿನ ಸ್ಥಾನವನ್ನು ಅಂದಾಜು ಮಾಡಬಹುದಾದರೂ ಗಂಟೆ ಕಳೆದಂತೆ ಆ ಅಂದಾಜು ಸಡಿಲವಾಗುತ್ತ ಹೋಗುತ್ತದೆ. ಇಚ್ಛೆಯುಳ್ಳ ಜೀವಿಯ ಇರವನ್ನು ಗಣಿತ ಮುಟ್ಟಲಾರದು, ಆ ಜೀವಿ ತಾನಾಗಿ ಹೇಳಬೇಕು. ಶಬ್ದವೂ ಒಂದು ಬಗೆಯ ಅನುಮಾನವೇ, ಅದಕ್ಕೆ ಸ್ವತಂತ್ರ ಪ್ರಮಾಣದ ಪಟ್ಟ ಬೇಡ ಎಂದ ವೈಶೇಷಿಕ ಪ್ರಶಸ್ತಪಾದ, ಬೌದ್ಧ ದಿಙ್ನಾಗ ಮುಂತಾದವರ ವಾದ ಎಷ್ಟೇ ಸೂಕ್ಷ್ಮವಾಗಿದ್ದರೂ ಇಲ್ಲಿ ಸೋಲುತ್ತದೆ. ದೋಣಿಯ ಮಾತನ್ನು ನಂಬಲು ಕಾರಣ ಕೊಡುವುದು ಅನುಮಾನವಾಗಿರಬಹುದು, ಆದರೆ ಆ ಮಾತು ತಂದುಕೊಡುವ ವಿಷಯವನ್ನು ಬೇರೆ ಯಾವ ಹೇತುವೂ ತಂದುಕೊಡದು.

ಹಾಗಾದರೆ ಯಾರ ಮಾತು ಪ್ರಮಾಣ? ಗೌತಮನ ನ್ಯಾಯಸೂತ್ರ ಆಪ್ತನ ಉಪದೇಶವೇ ಶಬ್ದವೆನ್ನುತ್ತದೆ. ಆಪ್ತನೆಂದರೆ ಬಂಧುವಲ್ಲ, ವಿಷಯವನ್ನು ತಾನೇ ಕಂಡುಕೊಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಬಯಕೆಯುಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಭೂತದಯೆಯನ್ನೂ, ಅಂದರೆ ಜೀವಿಗಳ ಮೇಲಿನ ಕರುಣೆಯನ್ನೂ, ಸೇರಿಸುತ್ತಾನೆ, ಮತ್ತು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟವಾಗಿ ಹೇಳುತ್ತಾನೆ. ಹೆಸರು, ಭಾಷೆ, ಮತ ಯಾವುದೂ ಗೊತ್ತಿಲ್ಲದ ಅನ್ಯದೇಶದ ನಾವಿಕನ ಅಕ್ಷಾಂಶ, ರೇಖಾಂಶಗಳನ್ನು ತುಮಕೂರು ಜಿಲ್ಲೆಯ ಹ್ಯಾಮ್ ಒಬ್ಬ ಹಿಂಜರಿಯದೆ ಬರೆದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಸ್ತ್ರಾಧಾರ ಬೇಕಿಲ್ಲ. ಮಾತು ಅರ್ಥವಾಗಲು ಇರಬೇಕಾದ ಮೂರು ನಿಬಂಧನೆಗಳೂ ಇಲ್ಲಿ ಚಾಚೂ ತಪ್ಪದೆ ಅನ್ವಯಿಸುತ್ತವೆ: ಒಂದು ಪದ ಇನ್ನೊಂದನ್ನು ಬಯಸುವ ಆಕಾಂಕ್ಷೆ, ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವ ಯೋಗ್ಯತೆ, ಪದಗಳು ಎಡೆಬಿಡದೆ ಬರುವ ಸನ್ನಿಧಿ. ಉತ್ತರವೋ ದಕ್ಷಿಣವೋ ಹೇಳದ ಅಕ್ಷಾಂಶದ ಅಂಕಿಗೆ ಆಕಾಂಕ್ಷೆ ತೀರುವುದಿಲ್ಲ. ರೇಡಿಯೋ ಅಲೆಯ ಏರಿಳಿತದಲ್ಲಿ ನಡುವಿನ ಅಂಕಿಗಳು ಕಳೆದುಹೋದರೆ ಸನ್ನಿಧಿ ಕೆಡುತ್ತದೆ. ಲಕ್ಷದ್ವೀಪದ ಪಶ್ಚಿಮಕ್ಕೆ, ಉತ್ತರ 13 ಡಿಗ್ರಿ 40 ನಿಮಿಷ, ಪೂರ್ವ 67 ಡಿಗ್ರಿ 20 ನಿಮಿಷದಲ್ಲಿರುವ ದೋಣಿಯ ಮಾತಿನಲ್ಲಿ ಆರನ್ನು ಏಳೆಂದು ಕೇಳಿಸಿಕೊಂಡರೆ, ಆ ದೋಣಿ ಸಾವಿರ ಕಿಲೋಮೀಟರಿಗಿಂತ ಹೆಚ್ಚು ಪೂರ್ವಕ್ಕೆ ಸರಿದು ಮಧುಗಿರಿ-ಪುರವರದ ಹೊಲಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ; ಬೆಂಕಿಯಿಂದ ಗಿಡಕ್ಕೆ ನೀರೆರೆಯುವ ಶಾಸ್ತ್ರದ ಉದಾಹರಣೆಯಂತೆ ಅದು ಯೋಗ್ಯತೆಯಿಲ್ಲದ ವಾಕ್ಯ, ಕೇಳಿದೊಡನೆ ಬಾಧಿತವಾಗುತ್ತದೆ. ಆದರೆ ಅದೇ ತಪ್ಪು ದೋಣಿಯನ್ನು ಸಮುದ್ರದ ಇನ್ನೊಂದು ಭಾಗಕ್ಕೆ ಸರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿರುಗಿ ಓದಿ ಹೇಳುವ ಹಾಜರಿಯ ಪದ್ಧತಿ ಬೇಕಾಗಿರುವುದು ಇದಕ್ಕಾಗಿಯೇ.

ನ್ಯಾಯದ ಲಕ್ಷಣ ಒಂದು ಕಡೆ ಮಾತ್ರ ಸಾಲದಾಗುತ್ತದೆ. ಎಪಿಆರ್‌ಎಸ್ ಯಂತ್ರ ಬಿತ್ತರಿಸುವಾಗ ದೋಣಿಯ ಯಜಮಾನ ನಿದ್ದೆಯಲ್ಲಿರಬಹುದು. ತಿಳಿಸಬೇಕೆಂಬ ಬಯಕೆಯುಳ್ಳ ವಕ್ತೃ ಆ ಗಳಿಗೆಯಲ್ಲಿ ಇಲ್ಲವೇ ಇಲ್ಲ. ಇಲ್ಲಿ ನೆರವಿಗೆ ಬರುವವರು ಕರ್ನಾಟಕದವರೇ ಆದ ದ್ವೈತಾಚಾರ್ಯ ಜಯತೀರ್ಥರು. 14ನೆಯ ಶತಮಾನದ ಈ ಟೀಕಾಚಾರ್ಯರು ‘ಪ್ರಮಾಣಪದ್ಧತಿ’ಯಲ್ಲಿ ಆಗಮದ ಲಕ್ಷಣವನ್ನು ಆಡುವವನ ಮೇಲೆ ನಿಲ್ಲಿಸದೆ ಮಾತಿನ ಮೇಲೆಯೇ ನಿಲ್ಲಿಸುತ್ತಾರೆ, ದೋಷವಿಲ್ಲದ ಶಬ್ದ ಆಗಮ ಎನ್ನುತ್ತಾರೆ. ಕರ್ತೃವಿಲ್ಲದ, ಅಪೌರುಷೇಯವಾದ ವೇದವನ್ನು ಒಪ್ಪುವ ಪರಂಪರೆಗೆ ವಕ್ತೃವನ್ನು ಅವಲಂಬಿಸದ ಲಕ್ಷಣವೊಂದು ಬೇಕೇ ಬೇಕಾಗಿತ್ತು. ವೇದಕ್ಕೂ ಯಂತ್ರದ ಪೊಟ್ಟಣಕ್ಕೂ ಹೋಲಿಕೆ ಹೂಡುವುದು ಸಲ್ಲದಾದರೂ, ಆ ಅಗತ್ಯದಿಂದ ಹುಟ್ಟಿದ ಲಕ್ಷಣ ಯಂತ್ರದ ಮಾತನ್ನು ಪರೀಕ್ಷಿಸಲು ಹೆಚ್ಚು ತಕ್ಕದ್ದು ಎಂಬುದು ಗಮನಾರ್ಹ. ಯಂತ್ರದ ಮಾತಿಗೆ ಅದರದೇ ದೋಷಗಳಿವೆ. ಉಪಗ್ರಹಗಳ ಸಂಕೇತ ತಪ್ಪಿದ ಜಿಪಿಎಸ್ ತನ್ನ ಕೊನೆಯ ಸ್ಥಾನವನ್ನೇ ಮತ್ತೆ ಮತ್ತೆ ಹೇಳುತ್ತ ಇರಬಹುದು, ಹಾಗೆ ಹಳಸಿದ ಸತ್ಯ ಸುಳ್ಳಿಗೆ ಸಮ. ಇನ್ನೊಬ್ಬರ ಕಾಲ್‌ಸೈನನ್ನು ಯಾರಾದರೂ ಹಾಕಿಕೊಳ್ಳುವುದನ್ನೂ ಈ ವ್ಯವಸ್ಥೆ ಬಲವಾಗಿ ತಡೆಯುವುದಿಲ್ಲ. ನ್ಯಾಯ-ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದದ್ದನ್ನು ಹಿಡಿದು ರೇಡಿಯೋ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಹೇಳುವವರಿದ್ದಾರೆ. ಅವರ ಆಕಾಶ ಬೇರೆ, ವಿದ್ಯುತ್ಕಾಂತೀಯ ಅಲೆ ಬೇರೆ, ಇಂಥ ಮಾತು ಎರಡೂ ಶಾಸ್ತ್ರಗಳಿಗೆ ಮಾಡುವ ಅಪಚಾರ.

ಸ್ಥಾನದ ಸುಳ್ಳು ಎಷ್ಟು ದೂರ ಹೋಗಬಹುದೆಂಬುದಕ್ಕೆ ಡೊನಾಲ್ಡ್ ಕ್ರೌಹರ್ಸ್ಟ್‌ನ ಪ್ರಕರಣಕ್ಕಿಂತ ದಾರುಣವಾದ ಸಾಕ್ಷ್ಯ ಬೇರೆಯಿಲ್ಲ. 1932ರಲ್ಲಿ ಭಾರತದ ಘಾಜಿಯಾಬಾದಿನಲ್ಲಿ ಹುಟ್ಟಿದ ಈ ಆಂಗ್ಲ ಎಲೆಕ್ಟ್ರಾನಿಕ್ಸ್ ತಜ್ಞ, ರೇಡಿಯೋ ಅಲೆ ಬರುವ ದಿಕ್ಕನ್ನು ಕಂಡುಹಿಡಿದು ನಾವಿಕನಿಗೆ ನೆರವಾಗುವ ಉಪಕರಣವನ್ನು ತಯಾರಿಸಿ ಮಾರುತ್ತಿದ್ದವನು. ಒಬ್ಬಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗಾಗಿ 1968ರ ಅಕ್ಟೋಬರ್ 31ರಂದು ಹೊರಟ ಆತ, ತನ್ನ ದೋಣಿ ದಕ್ಷಿಣ ಸಾಗರಕ್ಕೆ ತಾಳದೆಂದು ಅರಿವಾದ ಮೇಲೆ ಅಟ್ಲಾಂಟಿಕ್‌ನಲ್ಲೇ ಅಡ್ಡಾಡುತ್ತ ಸುಳ್ಳು ಪ್ರಗತಿಯನ್ನು ವರದಿ ಮಾಡಿದ, ಒಂದೇ ದಿನ 243 ಮೈಲಿ ಸಾಗಿದ್ದಾಗಿ ಹೇಳಿಕೊಂಡ, ಆಮೇಲೆ ತಿಂಗಳುಗಟ್ಟಲೆ ರೇಡಿಯೋವನ್ನು ಮೌನವಾಗಿಟ್ಟ. 1969ರ ಜುಲೈ 10ರಂದು ದೋಣಿ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಅದರೊಳಗಿನ ದಾಖಲೆ ಪುಸ್ತಕಗಳಲ್ಲಿ ನಿಜವಾದ ಸ್ಥಾನ, ಕಟ್ಟಿದ ಸ್ಥಾನ ಎರಡೂ ಇದ್ದವು. ಆತ ಬಳಸಿದ್ದು ಹವ್ಯಾಸಿ ರೇಡಿಯೋ ಅಲ್ಲ, ಹಡಗುಗಳ ಸಾಮಾನ್ಯ ರೇಡಿಯೋ ಸೇವೆ. ಆದರೂ ತತ್ತ್ವ ಒಂದೇ. ಆಪ್ತನ ಲಕ್ಷಣದಲ್ಲಿ ಮೊದಲ ಅಂಗ ಅವನಲ್ಲಿ ಪೂರ್ಣವಾಗಿತ್ತು, ತಾನೆಲ್ಲಿದ್ದೇನೆಂದು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಎರಡನೆಯ ಅಂಗ, ಕಂಡಂತೆ ಹೇಳುವ ಬಯಕೆ, ಮುರಿದಿತ್ತು. ಆ ಕಾಲದಲ್ಲಿ ಕೆಲವರಿಗೆ ಸಂಶಯ ಬಂದದ್ದು ನಿಜವಾದರೂ ಬಹುಜನ ನಂಬಿದರು. ಇಂದಿನ ಹವ್ಯಾಸಿ ರೇಡಿಯೋ ಜಾಲದಲ್ಲಿ ಇಂಥ ಸುಳ್ಳು ಬಾಳುವುದು ಕಷ್ಟ, ಏಕೆಂದರೆ ಮಾತು ಎಲ್ಲರಿಗೂ ತೆರೆದಿದೆ, ಒಂದೇ ಪ್ರೇಷಣೆಯನ್ನು ಹತ್ತಾರು ದೇಶಗಳ ಕೇಳುಗರು ಬೇರೆ ಬೇರೆಯಾಗಿ ದಾಖಲಿಸುತ್ತಾರೆ, ಪೆಸಿಫಿಕ್‌ನಲ್ಲಿದ್ದೇನೆನ್ನುವವನ ಸದ್ದು ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಎಲ್ಲಿ ಬಲವಾಗಿ ಕೇಳಬೇಕೋ ಅಲ್ಲಿ ಕೇಳದಿದ್ದರೆ ಸಂಶಯ ತಾನಾಗಿ ಹುಟ್ಟುತ್ತದೆ. ಜ್ಞಾನ ಹುಟ್ಟಿದಾಗಲೇ ಅದನ್ನು ಪ್ರಮಾಣವೆಂದು ಒಪ್ಪಿ, ಬಾಧಕ ಬಂದಾಗ ಮಾತ್ರ ಬಿಡಬೇಕೆಂಬ ಮೀಮಾಂಸಕರ ಸ್ವತಃಪ್ರಾಮಾಣ್ಯವೂ, ಬೇರೆ ಜ್ಞಾನಗಳೊಂದಿಗಿನ ಸಂವಾದದಿಂದ ಅದರ ಪ್ರಾಮಾಣ್ಯ ಸಿದ್ಧವಾಗಬೇಕೆಂಬ ನೈಯಾಯಿಕರ ಪರತಃಪ್ರಾಮಾಣ್ಯವೂ ಇಲ್ಲಿ ಎದುರಾಳಿಗಳಾಗಿ ಉಳಿಯದೆ ಒಂದೇ ಕೆಲಸದ ಎರಡು ಹಂತಗಳಾಗುತ್ತವೆ: ಮೊದಲು ನಂಬಿ ಬರೆದುಕೊಳ್ಳಬೇಕು, ಏಕೆಂದರೆ ಅಪಾಯದಲ್ಲಿರುವವನಿಗೆ ಸಂಶಯದ ವಿಳಂಬವನ್ನು ತಾಳುವ ಶಕ್ತಿಯಿಲ್ಲ, ಆಮೇಲೆ ಬೇರೆಯವರು ಕೇಳಿದ್ದರೊಂದಿಗೆ ಕೂಡಿಸಿ ನೋಡಬೇಕು.

ಇನ್ನೂ ಕಠಿಣವಾದದ್ದು ಮೌನದ ಅರ್ಥ. ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನೇ, ಅಭಾವವನ್ನು ತಿಳಿಸುವ ಪ್ರಮಾಣವೆಂದು ಎಣಿಸುತ್ತಾರೆ. ಆದರೆ ಒಂದು ಕಟ್ಟುನಿಟ್ಟಿನೊಂದಿಗೆ. ನೆಲದ ಮೇಲೆ ಗಡಿಗೆಯಿದ್ದಿದ್ದರೆ ಕಾಣುತ್ತಲೇ ಇತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಎನ್ನಬಹುದು. ಕತ್ತಲೆ ಕೋಣೆಯಲ್ಲಿ ಕಾಣದಿದ್ದುದರಿಂದ ಗಡಿಗೆಯಿಲ್ಲ ಎನ್ನಲಾಗದು. ಕಾಣಲು ಯೋಗ್ಯವಾದದ್ದರ ಅನುಪಲಬ್ಧಿ ಮಾತ್ರ ಪ್ರಮಾಣ. ಶಾರ್ಟ್‌ವೇವ್ ರೇಡಿಯೋ ಈ ಕಟ್ಟನ್ನು ದಿನವೂ ನೆನಪಿಸುತ್ತದೆ. ಅಯಾನುಗೋಳದಿಂದ ಇಳಿಯುವ ಅಲೆ ದೂರಕ್ಕೆ ಹೋಗಿ ಬೀಳುವುದರಿಂದ, ಪ್ರೇಷಕದ ತೀರಾ ಹತ್ತಿರದ ಜಾಗವನ್ನು ಬಿಟ್ಟು ಸುತ್ತಲೂ ಕೆಲವು ನೂರು ಕಿಲೋಮೀಟರಿನವರೆಗೆ ಏನೂ ಕೇಳಿಸದ ಒಂದು ವಲಯ ಉಳಿಯುತ್ತದೆ. ಮಲ್ಪೆಯಾಚೆ ನೂರು ಕಿಲೋಮೀಟರಿನಲ್ಲಿರುವ ದೋಣಿ 14 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದು ಯುರೋಪಿನಲ್ಲಿ ಚೆನ್ನಾಗಿ ಕೇಳಿಸಿ, ಪುರವರದಲ್ಲಿ ಕೇಳಿಸದೆಯೇ ಇರಬಹುದು. ಹತ್ತಿರದವನ ಕಿವಿಗೆ ಬೀಳದ್ದು ದೂರದವನಿಗೆ ಬೀಳುತ್ತದೆ. ಬ್ಯಾಟರಿ ಇಳಿದಿರಬಹುದು, ಆಂಟೆನಾ ಮುರಿದಿರಬಹುದು, ಸೂರ್ಯನ ಮೇಲಿನ ಸ್ಫೋಟ ಅಯಾನುಗೋಳವನ್ನು ಕೆಡಿಸಿರಬಹುದು; ಹಾಜರಿಗೆ ಉತ್ತರ ಬರಲಿಲ್ಲವೆಂಬುದೇ ದೋಣಿ ಮುಳುಗಿತೆಂಬುದಕ್ಕೆ ಪ್ರಮಾಣವಾಗದು. ಹಾಗೆಂದು ಸುಮ್ಮನಿರುವುದಕ್ಕೂ ಅದು ಸಮರ್ಥನೆಯಲ್ಲ.

ಅರ್ಥಾಪತ್ತಿ ಎಂಬ ಇನ್ನೊಂದು ಪ್ರಮಾಣಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಉದಾಹರಣೆಗಳಲ್ಲೊಂದು ಪ್ರಸಿದ್ಧವಾದದ್ದು: ಬದುಕಿರುವ ದೇವದತ್ತ ಮನೆಯಲ್ಲಿಲ್ಲ, ಆದ್ದರಿಂದ ಹೊರಗೆ ಎಲ್ಲೋ ಇದ್ದಾನೆ. ಆ ತೀರ್ಮಾನದ ಭಾರವೆಲ್ಲ ಬದುಕಿರುವ ಎಂಬ ಒಂದು ವಿಶೇಷಣದ ಮೇಲಿದೆ, ಅದು ಬೇರೆ ಮೂಲದಿಂದ ಗೊತ್ತಿರಬೇಕು. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಏಳು ಮೀನುಗಾರರೊಂದಿಗೆ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿಯೊಡನೆ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಹೋಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿದೆಯೆಂಬುದು 2019ರ ಮೇ ಆರಂಭದಲ್ಲಿ, ನೌಕಾಪಡೆಯ ನಿರೀಕ್ಷಕ್ ಹಡಗಿನ ಶೋಧದಿಂದ, ಖಚಿತವಾಯಿತು. ನಡುವಿನ ನಾಲ್ಕೂವರೆ ತಿಂಗಳು ಉಡುಪಿ ಮತ್ತು ಉತ್ತರ ಕನ್ನಡದ ಆ ಮನೆಗಳವರು ಬದುಕಿದ್ದು ಆ ವಿಶೇಷಣವಿಲ್ಲದ ವಾಕ್ಯದೊಳಗೆ. ಮನೆಯಲ್ಲಿಲ್ಲ ಎಂಬುದು ಮಾತ್ರ ಗೊತ್ತು. ಅದರಿಂದ ಏನೂ ತೀರ್ಮಾನವಾಗದು, ಶ್ರಾದ್ಧ ಮಾಡಲೂ ಆಗದು, ಕಾಯುವುದನ್ನು ಬಿಡಲೂ ಆಗದು. ಅದು ಹಾಯಿದೋಣಿಯಲ್ಲ, ಅಲ್ಲಿ ಹವ್ಯಾಸಿ ರೇಡಿಯೋದ ಮಾತೂ ಇಲ್ಲ. ಆದರೆ ಸ್ಥಾನವನ್ನು ಹೇಳುವ ಒಂದು ಮಾತಿಗೆ ಎಷ್ಟು ಬೆಲೆಯೆಂಬುದನ್ನು ಕನ್ನಡ ನಾಡು ಇತ್ತೀಚೆಗೆ ಅರಿತದ್ದು ಆ ತಿಂಗಳುಗಳಲ್ಲಿ. ಪ್ರಮಾಣಶಾಸ್ತ್ರವನ್ನು ಪಂಡಿತರ ಒಣ ಚರ್ಚೆಯೆಂದು ತಳ್ಳಿಹಾಕುವವರು ಈ ಪ್ರಕರಣವನ್ನು ಒಮ್ಮೆ ಯೋಚಿಸಬೇಕು.

ತಾನೆಲ್ಲಿದ್ದೇನೆಂಬುದು ಎಲ್ಲರಿಗಿಂತ ಚೆನ್ನಾಗಿ ತನಗೇ ಗೊತ್ತು ಎಂಬ ನಂಬಿಕೆಯನ್ನೂ ಸಮುದ್ರ ಅಲುಗಿಸುತ್ತದೆ. 2018ರಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಮತ್ತೆ ನಡೆಸಿದಾಗ ಸ್ಪರ್ಧಿಗಳು ಹಳೆಯ ಕಾಲದವರಂತೆ ಸೆಕ್ಸ್ಟೆಂಟ್ ಹಿಡಿದು ಸೂರ್ಯ, ನಕ್ಷತ್ರಗಳ ಎತ್ತರ ಅಳೆದೇ ತಮ್ಮ ಸ್ಥಾನವನ್ನು ತಿಳಿಯಬೇಕೆಂಬ ನಿಯಮವಿತ್ತು. ಅದೇ ಹೊತ್ತಿಗೆ ಪ್ರತಿ ದೋಣಿಯಲ್ಲೂ ಉಪಗ್ರಹದ ಮೂಲಕ ದಡದವರಿಗೆ ಸ್ಥಾನ ತಿಳಿಸುವ ಯಂತ್ರವಿತ್ತು. ದಡದಲ್ಲಿದ್ದ ಯಾರಿಗೆ ಬೇಕಾದರೂ ಗೊತ್ತಿದ್ದ ಸ್ಥಾನ ದೋಣಿಯೊಳಗಿನವನಿಗೆ ಅಷ್ಟು ಖಚಿತವಾಗಿ ಗೊತ್ತಿರಲಿಲ್ಲ. ಆ ಸ್ಪರ್ಧೆಯಲ್ಲಿದ್ದ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರ ‘ತುರೀಯ’ ದೋಣಿಯ ಪಟಸ್ತಂಭ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮುರಿಯಿತು, ಬೆನ್ನಿಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದರು. ದೋಣಿ ಎಲ್ಲಿ ತೇಲುತ್ತಿದೆಯೆಂಬುದನ್ನು ಯಂತ್ರ ಹೇಳುತ್ತಲೇ ಇತ್ತು, ಆದರೆ ಅದರೊಳಗಿನ ಮನುಷ್ಯ ಹೇಗಿದ್ದಾನೆಂಬುದು ಅವರು ಕಳುಹಿಸಿದ ಕೆಲವೇ ಪದಗಳಿಂದ ತಿಳಿಯಿತು. ಫ್ರಾನ್ಸಿನ ಓಸಿರಿಸ್ ಎಂಬ ಮೀನುಗಾರಿಕಾ ಗಸ್ತು ಹಡಗು 24ರಂದು ಅವರನ್ನು ಎತ್ತಿಕೊಂಡಿತು. ಜಾಗ್ರತ್, ಸ್ವಪ್ನ, ಸುಷುಪ್ತಿಗಳಾಚೆಯ ನಾಲ್ಕನೆಯ ಅವಸ್ಥೆಯ ಹೆಸರು ಹೊತ್ತ ದೋಣಿಗೆ ಒದಗಿದ ಈ ಸ್ಥಿತಿ ಸ್ಥಾನಜ್ಞಾನದ ಮಿತಿಯನ್ನು ತೋರಿಸುತ್ತದೆ: ಎಲ್ಲಿ ಎಂಬುದನ್ನು ಯಂತ್ರ ಹೇಳಬಹುದು, ಹೇಗೆ ಎಂಬುದಕ್ಕೆ ಮನುಷ್ಯನ ಮಾತೇ ಬೇಕು. ಹಾಜರಿಯ ಕೊನೆಯಲ್ಲಿ ಬರುವ ಕ್ಷೇಮದ ಮಾತು ಅಂಕಿಗಳಿಗಿಂತ ಕಡಿಮೆಯದಲ್ಲ.

ಯಾರಿಗೂ ತಿಳಿಯದಂತೆ ಇರುವ ಹಕ್ಕು ಮನುಷ್ಯನಿಗಿಲ್ಲವೇ ಎಂಬ ಆಕ್ಷೇಪಕ್ಕೂ ಇಲ್ಲಿ ಉತ್ತರಿಸಬೇಕು. 1968ರ ಸ್ಪರ್ಧೆಯಲ್ಲೇ ಇದ್ದ ಬರ್ನಾರ್ಡ್ ಮ್ವಾತೆಸಿಯೇ ರೇಡಿಯೋ ಪ್ರೇಷಕವನ್ನು ಒಯ್ಯಲು ಒಪ್ಪಲಿಲ್ಲ. ಗೆಲ್ಲುವ ಸಾಧ್ಯತೆಯಿದ್ದಾಗಲೂ ಸ್ಪರ್ಧೆಯನ್ನು ತೊರೆದು, ದಡಕ್ಕೆ ಮರಳದೆ, ಇನ್ನರ್ಧ ಭೂಮಿಯನ್ನು ಸುತ್ತಿ 1969ರ ಜೂನಿನಲ್ಲಿ ಟಹೀಟಿ ಸೇರಿದ. ನಮ್ಮ ಪರಂಪರೆಯ ಪರಿವ್ರಾಜಕನಿಗೆ, ಮನೆಯಿಲ್ಲದೆ ಅಲೆಯುವ ಸಂನ್ಯಾಸಿಗೆ, ಇದು ಬಹಳ ಹತ್ತಿರ. ಆದರೆ ಸಂನ್ಯಾಸಿಯೂ ಹೇಳದೆ ಕಾಣೆಯಾಗುವವನಲ್ಲ. ಅವನು ಸಂನ್ಯಾಸದ ಪ್ರೈಷಮಂತ್ರವನ್ನು ಉಚ್ಚರಿಸಿ ತಾನು ಬಿಟ್ಟೆನೆಂದು ಬಹಿರಂಗವಾಗಿ ಸಾರಬೇಕು, ಸಕಲ ಭೂತಗಳಿಗೂ ಅಭಯ ಕೊಡಬೇಕು, ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಮನೆಯಲ್ಲಿ ಉಳಿದವರನ್ನು ಕಾದು ಕೂರುವ ಕರ್ಮದಿಂದ ಬಿಡಿಸಬೇಕು. ಮ್ವಾತೆಸಿಯೇ ಕೂಡ ತನ್ನ ನಿರ್ಧಾರವನ್ನು ಬರೆದು ಕವಣೆಯಿಂದ ಹಡಗೊಂದರ ಮೇಲಕ್ಕೆ ಎಸೆದೇ ಮುಂದೆ ಹೋದ. ಇರವನ್ನು ಮರೆಸುವ ಹಕ್ಕು ಇದ್ದರೆ ಅದು ಆ ಒಂದು ಕೊನೆಯ ಮಾತನ್ನು ಆಡಿದವನಿಗೆ ಮಾತ್ರ ಇದೆ.

ಉಳಿದದ್ದು ಕೇಳುವವನ ಪ್ರಶ್ನೆ, ಶಾಸ್ತ್ರ ಅತಿ ಕಡಿಮೆ ಮಾತಾಡಿದ್ದು ಇದರ ಬಗ್ಗೆ. ಮಾಧ್ವ ಸಂಪ್ರದಾಯದ ಕಥನದಂತೆ, ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ದಾರಿ ತೋರಿಸಿ ಪಾರುಮಾಡಿದರು, ಅದರ ನಾವಿಕ ಕೃತಜ್ಞತೆಯಿಂದ ಕೊಟ್ಟ ಗೋಪೀಚಂದನದ ಗಡ್ಡೆಯೊಳಗಿದ್ದ ಕೃಷ್ಣವಿಗ್ರಹವೇ ಉಡುಪಿಯಲ್ಲಿ ಪ್ರತಿಷ್ಠಿತವಾಯಿತು. ಕಥನದ ಐತಿಹಾಸಿಕತೆ ಏನೇ ಇರಲಿ, ಕರ್ನಾಟಕದ ಅತಿ ದೊಡ್ಡ ಭಕ್ತಿಕ್ಷೇತ್ರಗಳಲ್ಲೊಂದರ ಮೂಲದಲ್ಲಿ ಸಂಪ್ರದಾಯ ಇಟ್ಟಿರುವುದು ದಡದಲ್ಲಿ ಎಚ್ಚರವಾಗಿದ್ದ ಒಬ್ಬರನ್ನು. ಆ ಹೊತ್ತಿಗೆ ಅವರ ಗಮನ ಕಡಲಿನ ಮೇಲಿರದಿದ್ದರೆ ಹಡಗಿನ ಸಂಕಟ ಎಷ್ಟು ಸತ್ಯವಾಗಿದ್ದರೂ ಯಾರ ಜ್ಞಾನವೂ ಆಗುತ್ತಿರಲಿಲ್ಲ. ದೋಷವಿಲ್ಲದ ಶಬ್ದವೂ ಕೇಳುವವನಿಲ್ಲದಿದ್ದರೆ ಪ್ರಮಾಣವಾಗಿ ಫಲಿಸದು. ಆದ್ದರಿಂದ ವಾತ್ಸ್ಯಾಯನ ಹೇಳುವವನಲ್ಲಿ ಬಯಸಿದ ಭೂತದಯೆಯನ್ನು ಕೇಳುವವನಲ್ಲೂ ಬಯಸಬೇಕಾಗುತ್ತದೆ, ಮತ್ತು ಅದು ಆಗೊಮ್ಮೆ ಈಗೊಮ್ಮೆ ಬರುವ ಭಾವವಾಗಿರದೆ ಗೊತ್ತಾದ ವೇಳೆಗೆ ಕುಳಿತು ಕೇಳುವ ವ್ರತವಾಗಿರಬೇಕು. ದಾಖಲೆ ಪುಸ್ತಕದಲ್ಲಿ ಕರೆದ ವೇಳೆ, ಉತ್ತರ ಬಂದಿತೋ ಇಲ್ಲವೋ, ಬಂದಿದ್ದರೆ ಎಷ್ಟು ಸ್ಪಷ್ಟವಾಗಿತ್ತು ಎಂದು ಬರೆದಿಡುವ ಹ್ಯಾಮ್, ತನಗೆ ಕೇಳದಿದ್ದುದನ್ನೂ ಪ್ರಾಮಾಣಿಕವಾಗಿ ಬರೆದಾಗಲೇ ಅನುಪಲಬ್ಧಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆ.

ಭಾರತದಲ್ಲಿ ಹವ್ಯಾಸಿ ರೇಡಿಯೋ ಪರೀಕ್ಷೆಯನ್ನು ಹನ್ನೆರಡು ವರ್ಷ ತುಂಬಿದ ಯಾರಾದರೂ ಬರೆಯಬಹುದು. ಬೆಂಗಳೂರಿನ ಹ್ಯಾಮ್ ಸಂಘಗಳು ದಶಕಗಳಿಂದ ಈ ವಿದ್ಯೆಯನ್ನು ಕಲಿಸುತ್ತ ಬಂದಿವೆ. ಪುರವರ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶಾಲೆ ಕಾಲೇಜುಗಳು ಒಂದೊಂದು ರೇಡಿಯೋ ಕೋಣೆಯನ್ನು ತೆರೆಯಲಿ. ಎಂಕೆ83 ಮತ್ತು ಎಂಕೆ84ರ ಮಕ್ಕಳು ಕಡಲನ್ನು ಎಂದೂ ಕಾಣದಿದ್ದರೂ ಅದರ ಮೇಲಿರುವವರ ಹಾಜರಿಯನ್ನು ದಿನವೂ ಬರೆದಿಡಲಿ.